ಹೊಸ ರಕ್ತ, ಹಳೆಯ ಶ್ವಾಸಕೋಶ

ಹೆಪ್ಪುಗಟ್ಟಿಸಿ ಕಾದಿರಿಸಿದ್ದ ಆಕರಕೋಶಗಳನ್ನು ರೋಗಿಗೆ ಏರಿಸಿದ ದಿನ, ಆ ಕೋಣೆಯ ಬಾಗಿಲು ತೆರೆದವರ ಮೂಗಿಗೆ ಮೊದಲು ಬಡಿಯುವುದು ಬೆಳ್ಳುಳ್ಳಿಯ ವಾಸನೆ. ಅಡುಗೆಮನೆ ಆಸುಪಾಸಿನಲ್ಲಿಲ್ಲ, ಹೊರಗಿನ ಊಟ ತಿಂಡಿಗೆ ಅಲ್ಲಿ ಪ್ರವೇಶವೂ ಇಲ್ಲ. ವಾಸನೆ ಬರುತ್ತಿರುವುದು ರೋಗಿಯ ಉಸಿರಿನಿಂದ. ಶೈತ್ಯದಲ್ಲಿ ಕೋಶಗಳು ಒಡೆದುಹೋಗದಿರಲೆಂದು ಅವುಗಳೊಡನೆ ಡಿ.ಎಂ.ಎಸ್.ಓ. ಎಂಬ ದ್ರವವನ್ನು ಬೆರೆಸಿರುತ್ತಾರೆ. ಅದು ದೇಹದೊಳಗೆ ಗಂಧಕದ ಅನಿಲವೊಂದಾಗಿ ಮಾರ್ಪಟ್ಟು ಶ್ವಾಸಕೋಶದ ಮೂಲಕ ಹೊರಬೀಳುತ್ತದೆ. ಒಂದೆರಡು ದಿನದಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಒಡಹುಟ್ಟಿದವರಿಂದ ಅಂದೇ ತೆಗೆದು ಅಂದೇ ಕೊಟ್ಟ ಕೋಶಗಳಾದರೆ ಈ ವಾಸನೆಯೂ ಇರುವುದಿಲ್ಲ.

ಇದೊಂದು ನಿರುಪದ್ರವಿ ವಿಚಿತ್ರ. ಆದರೆ ಆಕರಕೋಶದ ಕಸಿಗೂ ಶ್ವಾಸಕೋಶಕ್ಕೂ ಇರುವ ನಂಟು ಮೊದಲ ಗಂಟೆಯಿಂದಲೇ ಶುರುವಾಗುತ್ತದೆ ಎಂಬುದಕ್ಕೆ ಇದು ಗುರುತು. ಮುಂದೆ ವಾರಗಳು, ತಿಂಗಳುಗಳು, ಕೆಲವರಲ್ಲಿ ವರ್ಷಗಳೇ ಕಳೆದ ಮೇಲೆ ಅದೇ ಶ್ವಾಸಕೋಶದಲ್ಲಿ ತಲೆದೋರುವ ತೊಂದರೆಗಳು ಮಾತ್ರ ಇಷ್ಟು ಸೌಮ್ಯವಾಗಿರುವುದಿಲ್ಲ. ಅವುಗಳಲ್ಲಿ ಕೆಲವು ಬಲು ಅಪರೂಪದವು. ಇನ್ನೂ ದೊಡ್ಡ ಕಷ್ಟವೆಂದರೆ, ಹೊರಗಿನಿಂದ ಒಂದೇ ತರಹ ಕಾಣುವ ಎರಡು ಕೆಮ್ಮುಗಳಿಗೆ ಒಂದಕ್ಕೊಂದು ವಿರುದ್ಧವಾದ ಚಿಕಿತ್ಸೆ ಬೇಕಾಗುತ್ತದೆ.

ಆಕರಕೋಶವೆಂದರೆ ಆಸ್ಪತ್ರೆಯವರ ಮಾತಿನಲ್ಲಿ ಸ್ಟೆಮ್ ಸೆಲ್. ಮೂಳೆಯೊಳಗಿನ ಮಜ್ಜೆಯಲ್ಲಿದ್ದು ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಇವೆಲ್ಲವನ್ನೂ ಹುಟ್ಟಿಸುವ ತಾಯಿಕೋಶಗಳು ಇವು. ರಕ್ತ ಕ್ಯಾನ್ಸರ್, ಥಲಸ್ಸೇಮಿಯ, ಮಜ್ಜೆ ಬತ್ತಿಹೋಗುವ ರೋಗ ಮುಂತಾದವುಗಳಲ್ಲಿ ಕೆಟ್ಟ ಮಜ್ಜೆಯನ್ನು ಪ್ರಬಲ ಔಷಧಗಳಿಂದ, ಕೆಲವೊಮ್ಮೆ ಮೈಯಿಡೀ ಹಾಯಿಸಿದ ವಿಕಿರಣದಿಂದ ಖಾಲಿ ಮಾಡಿ, ಅಲ್ಲಿ ಒಳ್ಳೆಯ ಆಕರಕೋಶಗಳನ್ನು ನೆಲೆಗೊಳಿಸುತ್ತಾರೆ. ಕಸಿ ಎಂದೊಡನೆ ದೊಡ್ಡ ಶಸ್ತ್ರಚಿಕಿತ್ಸೆಯೆಂದು ಹಲವರು ಅಂಜುತ್ತಾರೆ. ರೋಗಿಯ ಮಟ್ಟಿಗೆ ಇದು ಬಾಟಲಿ ರಕ್ತ ಏರಿಸಿದಷ್ಟೇ ಸರಳ. ಅಭಿಧಮನಿಗೆ ಬಿಟ್ಟ ಕೋಶಗಳು ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ನೇರವಾಗಿ ಶ್ವಾಸಕೋಶದ ಕೂದಲೆಳೆಗಿಂತ ಸಣ್ಣ ರಕ್ತನಾಳಗಳಲ್ಲಿ ಹಾದು, ಆಮೇಲಷ್ಟೇ ಮೈಯೆಲ್ಲ ಸುತ್ತಿ ಮೂಳೆಗಳನ್ನು ಸೇರುತ್ತವೆ. ಅವುಗಳಿಗೆ ವಿಳಾಸ ಬರೆದುಕೊಟ್ಟವರು ಯಾರೂ ಇಲ್ಲ. ಮಜ್ಜೆಯೇ ರಾಸಾಯನಿಕ ಸಂಕೇತ ಕಳಿಸಿ ಕರೆದುಕೊಳ್ಳುತ್ತದೆ.

ಅಮೆರಿಕದ ಡಾ. ಡೊನಾಲ್ ಥಾಮಸ್ 1957ರಲ್ಲಿ ಆರು ರೋಗಿಗಳಿಗೆ ಹೀಗೆ ಮಜ್ಜೆ ಏರಿಸಿದಾಗ ಅವರಲ್ಲಿ ಯಾರೂ ಹೆಚ್ಚು ಕಾಲ ಬದುಕಲಿಲ್ಲ. 1968ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಡಾ. ರಾಬರ್ಟ್ ಗುಡ್ ಅವರ ತಂಡ, ರೋಗನಿರೋಧ ಶಕ್ತಿಯೇ ಇಲ್ಲದೆ ಹುಟ್ಟಿದ ಗಂಡು ಕೂಸೊಂದಕ್ಕೆ ಅಕ್ಕನ ಮಜ್ಜೆ ಕೊಟ್ಟಿತು. ಅದು ಬದುಕಿತು, ಬೆಳೆದು ದೊಡ್ಡವನಾಯಿತು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1983ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1986ರಲ್ಲಿ ಈ ಕೆಲಸ ಆರಂಭಿಸಿದವು. ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂತು. ಈಗ ಬೆಂಗಳೂರಿನಲ್ಲೂ ಹಲವು ಆಸ್ಪತ್ರೆಗಳಲ್ಲಿ ಕಸಿ ನಡೆಯುತ್ತದೆ. ಕಸಿ ಮುಗಿಸಿ ಶಾಲೆಗೆ ಮರಳಿದ ಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಅದಕ್ಕೇ ಈ ವಿಷಯ ತಜ್ಞರ ಕೋಣೆಯೊಳಗೇ ಉಳಿಯಬಾರದು.

ಎಂಟನೆಯ ತರಗತಿಯ ಒಬ್ಬ ಹುಡುಗ ಎಂದು ಭಾವಿಸಿ. ರಕ್ತ ಕ್ಯಾನ್ಸರಿಗಾಗಿ ಅಕ್ಕನ ಮಜ್ಜೆ ಪಡೆದಿದ್ದಾನೆ. ಕಸಿಯಾದ ಮೊದಲ ಎರಡು ಮೂರು ವಾರ ಅವನ ಮೈಯಲ್ಲಿ ಬಿಳಿ ಕಣಗಳೇ ಇಲ್ಲ ಎನ್ನುವಷ್ಟು ಕಡಿಮೆ. ಅತ್ತ ಶ್ವಾಸಕೋಶವಾದರೋ ಊರಬಾಗಿಲಿನ ಹಾಗೆ ಸದಾ ತೆರೆದೇ ಇರುವ ಅಂಗ. ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರು ಗಾಳಿ, ಅದರ ಜೊತೆಗೆ ಧೂಳು, ಬೂಷ್ಟಿನ ಬೀಜಕಣ, ರೋಗಾಣು ಎಲ್ಲವೂ ವಯಸ್ಕರ ಶ್ವಾಸಕೋಶದೊಳಗೆ ಬಂದುಹೋಗುತ್ತವೆ. ಕಾವಲಿಲ್ಲದ ಹೊತ್ತಿನಲ್ಲಿ ಇವು ಒಳಹೊಕ್ಕರೆ ನ್ಯುಮೋನಿಯ. ಮೈಯೊಳಗೇ ಮಲಗಿದ್ದ ಸೈಟೋಮೆಗಲೋ ಎಂಬ ವೈರಸ್ ಕೂಡ ಇದೇ ಸಮಯ ನೋಡಿ ಏಳುತ್ತದೆ. 1980ರ ದಶಕದಲ್ಲಿ ಈ ವೈರಸ್ಸಿನ ನ್ಯುಮೋನಿಯ ಬಂದ ಕಸಿರೋಗಿಗಳಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. ಮುಂದಿನ ದಶಕದಲ್ಲಿ ಗ್ಯಾನ್ಸೈಕ್ಲೋವಿರ್, 2017ರಲ್ಲಿ ಲೆಟರ್ಮೋವಿರ್ ಎಂಬ ಔಷಧಗಳು ಬಂದು ಆ ಭಯವನ್ನು ಬಹುಮಟ್ಟಿಗೆ ತಗ್ಗಿಸಿವೆ. ಇವು ನಿರೀಕ್ಷಿತ ಶತ್ರುಗಳು. ಆಸ್ಪತ್ರೆಯವರು ಇವಕ್ಕೆ ಕಾದುಕೊಂಡೇ ಇರುತ್ತಾರೆ.

ಅನಿರೀಕ್ಷಿತವಾದದ್ದು ಬರುವುದು ಒಳಗಿನಿಂದ.

ಸಿಯಾಟಲ್‌ನಲ್ಲಿ ಥಾಮಸ್ ಮತ್ತು ಸಂಗಡಿಗರು 1976ರಲ್ಲಿ ಒಂದು ಸೊಗಸಾದ ಸಂಗತಿಯನ್ನು ಪ್ರಕಟಿಸಿದರು. ಶ್ವಾಸಕೋಶದ ತುದಿಯಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಈಚಿನ ಎಣಿಕೆಯಂತೆ ವಯಸ್ಕರಲ್ಲಿ ಸುಮಾರು 48 ಕೋಟಿ. ಈ ಗೂಡುಗಳೊಳಗೆ ಓಡಾಡುತ್ತ ಧೂಳು, ರೋಗಾಣುಗಳನ್ನು ನುಂಗಿ ಚೊಕ್ಕಟ ಮಾಡುವ ಭಕ್ಷಕ ಕೋಶಗಳಿವೆ. ಕಸಿಯಲ್ಲಿ ದಾನಿ ಗಂಡಾಗಿ ರೋಗಿ ಹೆಣ್ಣಾಗಿದ್ದಾಗ, ಅಥವಾ ಅದಲುಬದಲಾಗಿದ್ದಾಗ, ಈ ಭಕ್ಷಕ ಕೋಶಗಳು ಯಾರವೆಂದು ವೈ ವರ್ಣತಂತುವಿನ ಗುರುತಿನಿಂದ ಕಂಡುಹಿಡಿಯಬಹುದಲ್ಲವೆ? ಹಾಗೆ ನೋಡಿದಾಗ, ಕೆಲವು ತಿಂಗಳಲ್ಲಿ ರೋಗಿಯ ಶ್ವಾಸಕೋಶದ ಭಕ್ಷಕ ಕೋಶಗಳು ದಾನಿಯವೇ ಆಗಿಬಿಟ್ಟಿದ್ದವು. ನಮ್ಮ ಹುಡುಗನ ಎದೆಯೊಳಗೂ ಅಷ್ಟೆ. ಗೋಡೆ, ಸೂರು, ಕಿಟಕಿ ಅವನವು. ಕಾವಲಿನವರು ಅಕ್ಕನ ಕಡೆಯವರು. ದಾನಿಗಿದ್ದ ಅಲರ್ಜಿ ಮಜ್ಜೆಯ ಜೊತೆ ರೋಗಿಗೆ ಬಂದದ್ದೂ 1988ರಿಂದೀಚೆಗೆ ದಾಖಲಾಗಿದೆ.

ಈ ಹೊಸ ಕಾವಲಿನವರು ಮನೆಗೆ ಹೊಂದಿಕೊಂಡರೆ ಎಲ್ಲವೂ ಸರಿ. ಅಕ್ಕನ ಬಿಳಿ ಕಣಗಳು ಉಳಿದುಕೊಂಡ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲಬೇಕೆಂಬುದೇ ಕಸಿಯ ಒಂದು ಉದ್ದೇಶ. ಆದರೆ ಅವೇ ಕಣಗಳು ಹುಡುಗನ ಚರ್ಮ, ಕರುಳು, ಯಕೃತ್ತು, ಕಣ್ಣು, ಶ್ವಾಸಕೋಶಗಳನ್ನು ಪರರದೆಂದು ಬಗೆದು ಮೇಲೆ ಬೀಳುವುದೂ ಉಂಟು. ವೈದ್ಯರು ಇದನ್ನು ಜಿ.ವಿ.ಎಚ್.ಡಿ. ಎನ್ನುತ್ತಾರೆ, ಕಸಿಯೇ ಆಶ್ರಯ ಕೊಟ್ಟವನ ಮೇಲೆ ತಿರುಗಿ ಬೀಳುವ ರೋಗ ಎಂದು ಅದರ ಅರ್ಥ. ರೋಗಿಯ ಸ್ವಂತ ಆಕರಕೋಶಗಳನ್ನೇ ತೆಗೆದಿಟ್ಟು ಮತ್ತೆ ಕೊಟ್ಟಾಗ ಈ ಜಗಳಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಹಾಗಿದ್ದೂ ಅಂಥವರ ಶ್ವಾಸಕೋಶವೂ ಪೂರ್ತಿ ಸುರಕ್ಷಿತವಲ್ಲ, ಏಕೆಂದರೆ ಮಜ್ಜೆ ಖಾಲಿ ಮಾಡಲು ಕೊಟ್ಟ ಔಷಧಗಳೂ ಗಾಳಿಗೂಡುಗಳನ್ನು ಸುಡಬಲ್ಲವು.

ಮೊದಲ ಪೇಚು ಸಂತೋಷದ ದಿನವೇ ಬರುತ್ತದೆ. ಹೊಸ ಬಿಳಿ ಕಣಗಳು ಕಾಣಿಸಿಕೊಂಡವು, ಕಸಿ ಹತ್ತಿತು ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಕೆಲವರಿಗೆ ಜ್ವರ, ಮೈಮೇಲೆ ಗಂಧೆ, ಏದುಸಿರು. ಕಣಗಳು ಒಮ್ಮೆಲೇ ನುಗ್ಗುವಾಗ ಹೊಮ್ಮುವ ರಾಸಾಯನಿಕಗಳಿಂದ ರಕ್ತನಾಳಗಳು ಸೋರಿ ಗಾಳಿಗೂಡುಗಳಲ್ಲಿ ನೀರು ತುಂಬುತ್ತದೆ. ಸ್ಟೀರಾಯ್ಡ್ ಕೊಟ್ಟರೆ ಹೆಚ್ಚಿನವರಲ್ಲಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಹೆಚ್ಚುಕಡಿಮೆ ಇದೇ ಅವಧಿಯಲ್ಲಿ ಗಾಳಿಗೂಡುಗಳೊಳಗೆ ರಕ್ತವೇ ಒಸರುವ ಇನ್ನೊಂದು ತೊಂದರೆ ಬರಬಹುದು. ಅದು ಇದಕ್ಕಿಂತ ಬಹಳ ಘೋರ. ವಿಚಿತ್ರವೆಂದರೆ, ಎದೆಯೊಳಗೆ ರಕ್ತ ತುಂಬುತ್ತಿದ್ದರೂ ಅನೇಕರು ರಕ್ತ ಕೆಮ್ಮುವುದೇ ಇಲ್ಲ. ಸಪೂರ ದರ್ಶಕದ ಕೊಳವೆ ಇಳಿಸಿ, ಉಪ್ಪುನೀರು ಬಿಟ್ಟು ಹಿಂದಕ್ಕೆಳೆದು ನೋಡಬೇಕು. ಒಂದು ಸಲಕ್ಕಿಂತ ಮುಂದಿನ ಸಲ ಆ ನೀರು ಹೆಚ್ಚು ಹೆಚ್ಚು ಕೆಂಪಾಗುತ್ತ ಬಂದರೆ ರೋಗ ಖಚಿತ.

ಹೀಗೆ ಶ್ವಾಸಕೋಶವನ್ನು ತೊಳೆದು ತೆಗೆದ ನೀರು ಒಂದು ದೊಡ್ಡ ಪಾಠವನ್ನೂ ಕಲಿಸಿದೆ. ಎರಡೂ ಶ್ವಾಸಕೋಶಗಳು ಉರಿಯೂತದಿಂದ ಬಿಳಿಚಿಕೊಂಡು ಕಾಣುತ್ತವೆ, ಹುಡುಕಿದರೆ ರೋಗಾಣು ಸಿಕ್ಕುವುದಿಲ್ಲ, ಹೃದಯವೂ ಸರಿಯಿದೆ. ಇಂಥ ಸ್ಥಿತಿಯನ್ನು 1993ರಲ್ಲಿ ತಜ್ಞರು ‘ಕಾರಣ ತಿಳಿಯದ ನ್ಯುಮೋನಿಯ ಲಕ್ಷಣಕೂಟ’ ಎಂದು ವಿವರಿಸಿದರು. ಬಂದವರಲ್ಲಿ ಬದುಕುಳಿಯುವವರು ಕಡಿಮೆ. ಸಿಯಾಟಲ್‌ನ ಪ್ರಯೋಗಾಲಯದವರು 1992ರಿಂದ 2006ರವರೆಗಿನ ಇಂಥ 69 ರೋಗಿಗಳ ತೊಳೆನೀರನ್ನು ಶೈತ್ಯದಲ್ಲಿಟ್ಟಿದ್ದರು. ವರ್ಷಗಳ ನಂತರ ಹೊಸ ವಿಧಾನಗಳು ಬಂದಾಗ ಅದನ್ನೇ ಮತ್ತೆ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಹೇಳಿದರು. ಅರ್ಧಕ್ಕಿಂತ ಹೆಚ್ಚು ಮಂದಿಯ ನೀರಿನಲ್ಲಿ ಯಾವುದಾದರೊಂದು ರೋಗಾಣುವಿನ ಸುಳಿವಿತ್ತು! ಮನುಷ್ಯನ ಹರ್ಪಿಸ್ ವೈರಸ್ಸುಗಳಲ್ಲಿ ಆರನೆಯದು ಎಲ್ಲಕ್ಕಿಂತ ಹೆಚ್ಚು; ಸಾಮಾನ್ಯ ನೆಗಡಿಯ ವೈರಸ್, ಆಸ್ಪರ್ಜಿಲಸ್ ಬೂಷ್ಟು ಕೂಡ ಇದ್ದವು. ಸುಳಿವು ಸಿಕ್ಕ ಮಾತ್ರಕ್ಕೆ ಅದೇ ರೋಗಕ್ಕೆ ಕಾರಣವೆಂದು ಹೇಳುವಂತಿಲ್ಲ, ನಿಜ. ಆದರೂ ‘ಕಾರಣವಿಲ್ಲ’ ಎಂಬುದಕ್ಕೂ ‘ಕಾರಣ ಸಿಕ್ಕಿಲ್ಲ’ ಎಂಬುದಕ್ಕೂ ಇರುವ ಅಂತರ ವಿಜ್ಞಾನ ಓದುವ ಹುಡುಗರಿಗೆ ಇದಕ್ಕಿಂತ ಚೆನ್ನಾಗಿ ಕಾಣುವ ಉದಾಹರಣೆ ಕಡಿಮೆ. ಹಳೆಯ ನೀರನ್ನು ಚೆಲ್ಲದೆ, ಹೆಸರು ಬರೆದು ಜೋಪಾನವಾಗಿಟ್ಟವರಿಗೆ ಅರ್ಧ ಶ್ರೇಯಸ್ಸು ಸಲ್ಲಬೇಕು.

ಇದಕ್ಕೆ ತದ್ವಿರುದ್ಧವಾದ ಮೋಸವೂ ಉಂಟು. ಅಲ್ಲಿ ರೋಗಾಣು ಇರುವ ಹಾಗೆ ಕಾಣುತ್ತದೆ, ಇರುವುದಿಲ್ಲ. ಕಸಿಯಾಗಿ ಎರಡು ಮೂರು ತಿಂಗಳಾಗಿರುವ ಮಗುವಿಗೆ ಜ್ವರ, ತುಸು ಕೆಮ್ಮು. ಸಿ.ಟಿ. ಸ್ಕ್ಯಾನಿನಲ್ಲಿ ಶ್ವಾಸಕೋಶದ ಅಂಚಿಗೆ ಅಂಟಿದಂತೆ ಸಣ್ಣ ಸಣ್ಣ ಗಂಟುಗಳು. ಇಂಥ ಚಿತ್ರ ಕಂಡೊಡನೆ ವೈದ್ಯರಿಗೆ ನೆನಪಾಗುವುದು ಆಸ್ಪರ್ಜಿಲಸ್. ಹಳೆಯ ಹುಲ್ಲು, ಗೊಬ್ಬರ, ಒಡೆದ ಗೋಡೆಯ ಧೂಳಿನಲ್ಲಿರುವ ಈ ಬೂಷ್ಟು ಆರೋಗ್ಯವಂತರಿಗೆ ಏನೂ ಮಾಡದು. ಕಸಿಯಾದವರ ಪ್ರಾಣ ತೆಗೆಯಬಲ್ಲದು. ಆದರೆ 2000ದಲ್ಲಿ ಮಿನೆಸೋಟ ವಿಶ್ವವಿದ್ಯಾಲಯದವರು, ಇಂಥ ಗಂಟುಗಳಲ್ಲಿ ಕೆಲವನ್ನು ಬಯಾಪ್ಸಿ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬೂಷ್ಟಿನ ಎಳೆಯೇ ಇರಲಿಲ್ಲವೆಂದು ವರದಿ ಮಾಡಿದರು. ಅಲ್ಲಿದ್ದದ್ದು, ಚೂರುಚೂರಾದ ಬಿಳಿ ಕಣಗಳು ಸಣ್ಣ ರಕ್ತನಾಳಗಳಲ್ಲಿ ಗರಣೆಗಟ್ಟಿ ಮಾಡಿದ ಮುಚ್ಚಳ. ಹೆಚ್ಚಾಗಿ ಮಕ್ಕಳಲ್ಲಿ, ಅದರಲ್ಲೂ ಜಿ.ವಿ.ಎಚ್.ಡಿ. ಇರುವವರಲ್ಲಿ ಕಾಣುವ ಅಪರೂಪದ ತೊಂದರೆ ಇದು. ಸ್ಟೀರಾಯ್ಡ್ ಕೊಟ್ಟರೆ ಸಾಮಾನ್ಯವಾಗಿ ಜ್ವರವೂ ಇಳಿಯುತ್ತದೆ, ಗಂಟುಗಳೂ ಕ್ರಮೇಣ ಕರಗುತ್ತವೆ.

ಹಾಗಾದರೆ ನೇರವಾಗಿ ಸ್ಟೀರಾಯ್ಡ್ ಕೊಟ್ಟು ನೋಡಬಹುದಲ್ಲ ಎಂದು ಕೇಳಬಹುದು. ಗಂಟು ಬೂಷ್ಟಿನದೇ ಆಗಿದ್ದರೆ ಸ್ಟೀರಾಯ್ಡ್ ಅದಕ್ಕೆ ಹಾಲೆರೆದಂತೆ. ಬೂಷ್ಟೆಂದು ತಿಳಿದು ಬರಿಯ ಬೂಷ್ಟುನಾಶಕ ಕೊಡುತ್ತ ಕೂತರೆ ಇತ್ತ ಗರಣೆ ಹಾಗೆಯೇ ಉಳಿಯುತ್ತದೆ. ಅದಕ್ಕೇ ಆಗಷ್ಟೇ ಕಷ್ಟದಿಂದ ಪಾರಾದ ಮಗುವಿನ ಎದೆಯಿಂದ ಮತ್ತೆ ಚೂರು ತೆಗೆಯಬೇಕೆಂದು ವೈದ್ಯರು ಹೇಳಿದಾಗ ತಂದೆತಾಯಿಯರು ಹೌಹಾರುವುದು ಸಹಜವಾದರೂ, ಆ ಮಾತಿನ ಹಿಂದೆ ಇಷ್ಟು ಲೆಕ್ಕಾಚಾರವಿರುತ್ತದೆ. ನಮ್ಮ ದೇಶದಲ್ಲಿ ಇದರ ಜೊತೆಗೆ ಕ್ಷಯದ ಶಂಕೆಯನ್ನೂ ಬಿಡುವಂತಿಲ್ಲ.

ಇನ್ನೂ ವಿರಳವಾದವು ಇವೆ. ಶ್ವಾಸಕೋಶದಿಂದ ಹೃದಯಕ್ಕೆ ಮರಳುವ ಸಣ್ಣ ಅಭಿಧಮನಿಗಳೇ ಮುಚ್ಚಿಕೊಂಡು ಒತ್ತಡ ಏರುವುದು. ಗಾಳಿಗೂಡುಗಳನ್ನು ನುಣುಪಾಗಿಡುವ ಜಿಡ್ಡನ್ನು ಭಕ್ಷಕ ಕೋಶಗಳು ಎತ್ತಿಹಾಕದೆ ಅದೇ ಗಂಜಿಯಂತೆ ತುಂಬಿಕೊಳ್ಳುವುದು. ಈ ಎರಡನೆಯದಕ್ಕೆ ಕೆಲವೊಮ್ಮೆ ಇಡೀ ಶ್ವಾಸಕೋಶವನ್ನೇ ಲೀಟರುಗಟ್ಟಲೆ ಉಪ್ಪುನೀರಿನಿಂದ ತೊಳೆಯುತ್ತಾರೆ. ಮತ್ತೊಂದರಲ್ಲಿ ಗಾಳಿ ಶ್ವಾಸಕೋಶದಿಂದ ಸೋರಿ ಕತ್ತಿನ ಚರ್ಮದಡಿ ಬಂದು ನಿಲ್ಲುತ್ತದೆ. ಬೆರಳಿನಿಂದ ಒತ್ತಿದರೆ ಹಪ್ಪಳ ಪುಡಿಯಾದಂತೆ ಚಟಚಟ ಎನ್ನುತ್ತದೆ. ಹೀಗಾದರೆ ಬೆಳಗಾಗಲೆಂದು ಕಾಯಬಾರದು, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಆದ ಮೇಲೂ ಕಸಿತಜ್ಞರನ್ನು ಹೆಚ್ಚು ಕಾಡುವುದು ಸದ್ದಿಲ್ಲದೆ ಬರುವ ಬೇರೊಂದು ರೋಗ. ಅದಕ್ಕೆ ‘ಬ್ರಾಂಕಿಯೊಲೈಟಿಸ್ ಆಬ್ಲಿಟರನ್ಸ್’ ಎಂಬ ಬಾಯಿ ತುಂಬುವ ಹೆಸರಿದೆ. ಕಿರುಶ್ವಾಸನಾಳಗಳು ಕಲೆಗಟ್ಟಿ ಮುಚ್ಚಿಹೋಗುವುದು ಎಂದಷ್ಟೇ ಅರ್ಥ. ಕಸಿರೋಗಿಗಳಲ್ಲಿ ಇದು 1980ರ ದಶಕದ ಆರಂಭದಿಂದ ಗೊತ್ತಾಗತೊಡಗಿತು. ಬೇರೆಯವರಿಂದ ಕೋಶ ಪಡೆದ ನೂರು ಮಂದಿಯಲ್ಲಿ ಸುಮಾರು ಐದಾರು ಮಂದಿಗೆ ಬರುತ್ತದೆ, ದೀರ್ಘಕಾಲದ ಜಿ.ವಿ.ಎಚ್.ಡಿ. ಇರುವವರಲ್ಲಿ ಇದರ ಪ್ರಮಾಣ ಇನ್ನೂ ಹೆಚ್ಚು.

ಸದ್ದಿಲ್ಲದೆ ಏಕೆ ಬರುತ್ತದೆ ಎಂಬುದನ್ನು ನಾಲೆಯ ಬಯಲಿನವರಿಗೆ ಸುಲಭವಾಗಿ ಹೇಳಬಹುದು. ದೊಡ್ಡ ನಾಲೆ ಒಂದೆಡೆ ಕಟ್ಟಿಕೊಂಡರೆ ಊರಿಗೇ ಗೊತ್ತಾಗುತ್ತದೆ. ಕೊನೆಯ ಹೊಲಗಳಿಗೆ ಹೋಗುವ ನೂರಾರು ಕಿರುಗಾಲುವೆಗಳಲ್ಲಿ ಇಪ್ಪತ್ತು ಮೂವತ್ತು ಹೂಳು ತುಂಬಿದರೆ ನಾಲೆಯ ಮೇಲೆ ನಿಂತವನಿಗೆ ಏನೂ ತಿಳಿಯದು, ನೀರು ಉಳಿದವುಗಳಲ್ಲಿ ಹರಿಯುತ್ತಲೇ ಇರುತ್ತದೆ. ಎರಡು ಮಿಲಿಮೀಟರಿಗಿಂತ ಸಪೂರವಾದ ಶ್ವಾಸನಾಳಗಳ ಸಂಖ್ಯೆ ಅಪಾರ. ಅವುಗಳಲ್ಲಿ ಬಹಳಷ್ಟು ಮುಚ್ಚುವವರೆಗೂ ಏದುಸಿರಾಗಲಿ ಕೆಮ್ಮಾಗಲಿ ಇರುವುದೇ ಇಲ್ಲ. ಎದೆಯ ಎಕ್ಸ್-ರೇ ಕೂಡ ಚೊಕ್ಕಟವಾಗಿ ಕಾಣಬಹುದು. ಮೆಟ್ಟಿಲು ಹತ್ತುವಾಗ ಹುಡುಗ ನಿಂತುಕೊಂಡ ದಿನ ಮನೆಯವರಿಗೆ ಅನುಮಾನ ಬಂದರೆ, ಅಷ್ಟು ಹೊತ್ತಿಗೆ ಹಲವು ಕಿರುನಾಳಗಳು ಮತ್ತೆ ತೆರೆಯದ ಹಾಗೆ ಮುಚ್ಚಿರುತ್ತವೆ.

ಇದನ್ನು ಮುಂಚಿತವಾಗಿ ಹಿಡಿಯುವ ಉಪಾಯ ಸ್ಪೈರೋಮೀಟರ್. ಪೂರ್ತಿ ಉಸಿರೆಳೆದು, ಮೂಗಿಗೆ ಕ್ಲಿಪ್ ಹಾಕಿಕೊಂಡು, ಕೊಳವೆಗೆ ಇದ್ದಷ್ಟು ಬಲದಿಂದ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಲೀಟರು ಗಾಳಿ ಹೊರಬಿತ್ತು ಎಂಬುದು ಮುಖ್ಯ ಅಂಕಿ. ವಯಸ್ಸು, ಎತ್ತರಗಳಿಗೆ ತಕ್ಕಂತೆ ಇರಬೇಕಾದ ಪ್ರಮಾಣದ ನೂರಕ್ಕೆ 75ಕ್ಕಿಂತ ಅದು ಕೆಳಗಿಳಿದು, ಎರಡು ವರ್ಷದೊಳಗೆ ನೂರಕ್ಕೆ ಹತ್ತರಷ್ಟಾದರೂ ಕುಸಿದಿದ್ದು, ಸೋಂಕೇನೂ ಇಲ್ಲವೆಂದು ಖಚಿತವಾದರೆ, ವೈದ್ಯರು ಬೇರೆ ಕೆಲವು ಲಕ್ಷಣಗಳನ್ನೂ ನೋಡಿಕೊಂಡು ರೋಗಕ್ಕೆ ಹೆಸರಿಡುತ್ತಾರೆ. ಜಾಣತನವಿರುವುದು ಆ ಹಂತಕ್ಕೆ ಹೋಗದಂತೆ ನೋಡಿಕೊಳ್ಳುವುದರಲ್ಲಿ. ಕಸಿಗೆ ಮುನ್ನವೇ ಒಮ್ಮೆ ಊದಿಸಿ ಅಂಕಿ ಬರೆದಿಟ್ಟುಕೊಂಡು, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಅಳೆಯುವ ಕ್ರಮ ಅನೇಕ ಕೇಂದ್ರಗಳಲ್ಲಿದೆ.

ಮಕ್ಕಳ ವಿಷಯದಲ್ಲಿ ಇಲ್ಲೊಂದು ಮೋಸವಿದೆ. ನಮ್ಮ ಹುಡುಗ ಕಸಿಗೆ ಮುನ್ನ 2.4 ಲೀಟರು ಊದಿದ್ದ ಎನ್ನಿ. ಅವನ ಎತ್ತರಕ್ಕೆ ಇರಬೇಕಾದದ್ದು 2.5. ವರ್ಷ ಕಳೆದು ನಾಲ್ಕು ಬೆರಳು ಉದ್ದ ಬೆಳೆದ. ಈಗ 2.2 ಬಂತು. ‘ಎರಡು ಪಾಯಿಂಟು ತಾನೆ, ಅವತ್ತು ಬೆಳಿಗ್ಗೆ ಅವನು ಸರಿಯಾಗಿ ತಿಂಡಿ ತಿಂದಿರಲಿಲ್ಲ’ ಎಂದು ತಾಯಿ ಸಮಾಧಾನ ಹೇಳಿಕೊಳ್ಳಬಹುದು. ಆದರೆ ಬೆಳೆದ ಹುಡುಗನ ಶ್ವಾಸಕೋಶವೂ ಬೆಳೆಯಬೇಕಿತ್ತು. ಈಗಿನ ಎತ್ತರಕ್ಕೆ 2.8 ಇರಬೇಕಿತ್ತು. ನೂರಕ್ಕೆ 96 ಇದ್ದದ್ದು 79ಕ್ಕೆ ಇಳಿದಿದೆ. ಬೆಳೆಯುವ ಮಗುವಿನ ಅಂಕಿ ನಿಂತಲ್ಲೇ ನಿಂತರೂ ಅದು ಇಳಿತವೇ. ಹಾಗಾಗಿ ವರದಿಯಲ್ಲಿ ಲೀಟರಿನ ಸಾಲನ್ನಷ್ಟೇ ಅಲ್ಲ, ಪಕ್ಕದ ಶೇಕಡಾ ಸಾಲನ್ನೂ ಹಿಂದಿನ ವರದಿಯ ಜೊತೆ ಇಟ್ಟು ನೋಡಬೇಕು. ಐದು ವರ್ಷದೊಳಗಿನ ಪುಟ್ಟ ಮಕ್ಕಳಿಗೆ ಹೀಗೆ ಊದುವುದು ಬರುವುದಿಲ್ಲ. ಅವರಿಗೆ ವೈದ್ಯರು ಬೇರೆ ಪರೀಕ್ಷೆ ಹುಡುಕಬೇಕಾಗುತ್ತದೆ.

ಮುಚ್ಚಿದ ನಾಳ ತೆರೆಯದಿದ್ದರೆ, ಮುಚ್ಚುವ ಮೊದಲೇ ಎಲ್ಲರಿಗೂ ಔಷಧ ಕೊಟ್ಟರೆ ಹೇಗೆ? ಈ ಯೋಚನೆ ಫ್ರಾನ್ಸಿನ ವೈದ್ಯರಿಗೆ ಬಂತು. ಅಜಿತ್ರೋಮೈಸಿನ್ ಎಂಬ ಪರಿಚಿತ ಆ್ಯಂಟಿಬಯಾಟಿಕ್‌ಗೆ ಉರಿಯೂತ ತಗ್ಗಿಸುವ ಗುಣವೂ ಇದೆ. ಬೇರೆಯವರಿಂದ ಕೋಶ ಪಡೆಯಲಿದ್ದ 480 ಮಂದಿಯನ್ನು 19 ಕೇಂದ್ರಗಳಲ್ಲಿ ಆರಿಸಿ, ಅರ್ಧದಷ್ಟು ಜನಕ್ಕೆ ಈ ಮಾತ್ರೆ, ಉಳಿದವರಿಗೆ ಅದೇ ಬಣ್ಣದ ಬರಿ ಮಾತ್ರೆ ಎಂದು ಎರಡು ವರ್ಷದ ಪ್ರಯೋಗ ಹೂಡಿದರು. ಯಾರಿಗೆ ಯಾವುದೆಂಬುದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. 2016ರ ಡಿಸೆಂಬರಿನಲ್ಲಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಜಿತ್ರೋಮೈಸಿನ್ ತಿಂದವರ ಶ್ವಾಸಕೋಶಕ್ಕೆ ಲಾಭವೇನೂ ಆಗಿರಲಿಲ್ಲ. ಬದಲಿಗೆ ರಕ್ತ ಕ್ಯಾನ್ಸರೇ ಮರುಕಳಿಸಿತ್ತು. ಆ ಗುಂಪಿನಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ, ಬರಿ ಮಾತ್ರೆಯವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ. ಎರಡು ವರ್ಷದ ಕೊನೆಗೆ ಬದುಕಿದ್ದವರು ನೂರಕ್ಕೆ 57 ಮತ್ತು 70. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮರುವರ್ಷ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಕಸಿಯಾದವರಿಗೆ ಈ ರೋಗ ತಡೆಯಲೆಂದು ಅಜಿತ್ರೋಮೈಸಿನ್ ದೀರ್ಘಕಾಲ ಕೊಡಬಾರದೆಂದು ಎಚ್ಚರಿಸಿತು.

ಕಾರಣ ಇನ್ನೂ ಪೂರ್ತಿ ಬಿಡಿಸಿಲ್ಲ. ದಾನಿಯ ಬಿಳಿ ಕಣಗಳು ಕ್ಯಾನ್ಸರ್ ಕೋಶಗಳನ್ನು ಬೇಟೆಯಾಡುವ ಶಕ್ತಿಯನ್ನು ಆ ಔಷಧ ಕುಗ್ಗಿಸಿರಬಹುದೆಂಬ ಊಹೆ ಇದೆ. ರೋಗ ಬಂದ ಮೇಲೆ, ತಜ್ಞರ ಕಣ್ಣಳತೆಯಲ್ಲಿ ಇದೇ ಔಷಧವನ್ನು ಬೇರೆ ಔಷಧಗಳ ಜೊತೆ ಕೊಡುವುದು ಬೇರೆ ಮಾತು. ಆದರೆ ಮೂರು ದಿನಕ್ಕೆ ಮೂರು ಮಾತ್ರೆ ಎಂದು ನಮ್ಮ ಬೀದಿಯ ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆಯೂ ಸಿಗುವ ಮಾತ್ರೆ ಇದೇ ಎಂಬುದನ್ನು ಮರೆಯುವಂತಿಲ್ಲ. ಕಸಿಯಾದ ಮಗುವಿಗೆ ಕೆಮ್ಮು ಬಂತೆಂದು ಪಕ್ಕದ ಮನೆಯವರು ಹೇಳಿದ ಆ್ಯಂಟಿಬಯಾಟಿಕ್ ಆಗಲಿ, ಅಜ್ಜಿಗೆ ಉಬ್ಬಸಕ್ಕೆ ಬರೆದಿದ್ದ ಸ್ಟೀರಾಯ್ಡ್ ಮಾತ್ರೆಯಾಗಲಿ ಕೊಡುವಂತಿಲ್ಲ. ಮೊದಲು ಕಸಿ ಕೇಂದ್ರಕ್ಕೆ ಫೋನ್ ಮಾಡಬೇಕು.

ಮನೆಯಲ್ಲಿ, ಶಾಲೆಯಲ್ಲಿ ಮಾಡಬೇಕಾದ ಬೇರೆ ಕೆಲಸಗಳೇನೂ ಕಷ್ಟದವಲ್ಲ. ಕಸಿಯಾದ ಮಗುವಿಗೆ ಹಿಂದೆ ಹಾಕಿಸಿದ್ದ ಲಸಿಕೆಗಳ ನೆನಪು ಹಳೆಯ ಮಜ್ಜೆಯ ಜೊತೆಗೇ ಹೋಗಿರುತ್ತದೆ. ಎಳೆಗೂಸಿನಂತೆ ಮತ್ತೆ ಮೊದಲಿನಿಂದ ಹಾಕಿಸಬೇಕು. ದಡಾರದಂಥ ಜೀವಂತ ಲಸಿಕೆಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಿಸುತ್ತಾರೆ. ಅಷ್ಟರವರೆಗೆ ಆ ಮಗುವನ್ನು ಕಾಯುವುದು ಅಣ್ಣತಮ್ಮಂದಿರ, ಸಹಪಾಠಿಗಳ ಲಸಿಕೆಯೇ. ನೆಗಡಿಯಾದ ಗೆಳೆಯ ಎರಡು ದಿನ ದೂರ ಕೂತರೆ ಅದು ಅವಮಾನವಲ್ಲ. ತರಗತಿಯ ಕೋಣೆಗೆ ಸುಣ್ಣ ಕೆರೆಯುವಾಗ, ಗೋಡೆ ಒಡೆಯುವಾಗ, ದೀಪಾವಳಿಯ ಹೊಗೆ ಕವಿದಾಗ ಆ ಮಗು ಅಲ್ಲಿರಬಾರದು. ಹಾಗೆಂದು ಅವನನ್ನು ಗಾಜಿನ ಗೊಂಬೆಯೆಂದು ಆಟದ ಬಯಲಿನಿಂದ ಹೊರಗಿಡುವುದೂ ತಪ್ಪು. ಓಟದಲ್ಲಿ ಹಿಂದೆ ಬೀಳತೊಡಗಿದ್ದಾನೆಂದು ಎಲ್ಲರಿಗಿಂತ ಮೊದಲು ಗಮನಿಸುವವರು ವ್ಯಾಯಾಮದ ಮೇಷ್ಟರು. ಆ ಮಾತನ್ನು ಅವರು ಮನೆಗೆ ತಿಳಿಸಿದರೆ ಮುಂದಿನ ಪರೀಕ್ಷೆ ಬೇಗ ಆಗುತ್ತದೆ.

ಚಿಕಿತ್ಸೆಯೂ ನಿಂತ ನೀರಾಗಿಲ್ಲ. ದೀರ್ಘಕಾಲದ ಜಿ.ವಿ.ಎಚ್.ಡಿ.ಗೆಂದು 2021ರಲ್ಲಿ ಅಮೆರಿಕದಲ್ಲಿ ರುಕ್ಸೋಲಿಟಿನಿಬ್, ಬೆಲುಮೊಸುಡಿಲ್ ಎಂಬ ಎರಡು ಔಷಧಗಳಿಗೆ, 2024ರಲ್ಲಿ ಆಕ್ಸಾಟಿಲಿಮಾಬ್‌ಗೆ ಅನುಮತಿ ಸಿಕ್ಕಿದೆ. ಚರ್ಮ, ಬಾಯಿಗಳಷ್ಟು ಬೇಗ ಶ್ವಾಸಕೋಶ ಇವಕ್ಕೆ ಓಗೊಡುವುದಿಲ್ಲ. ಇನ್ನಷ್ಟು ಹಾಳಾಗದಂತೆ ನಿಲ್ಲಿಸಿದರೆ ಅದೇ ದೊಡ್ಡ ಗೆಲುವು. ಏನೂ ಫಲಿಸದೆ ಉಸಿರು ತೀರ ಕುಗ್ಗಿದಾಗ ಉಳಿಯುವ ದಾರಿ ಶ್ವಾಸಕೋಶದ ಕಸಿ. ಜಪಾನಿನಲ್ಲಿ, ಹಿಂದೆ ಆಕರಕೋಶ ಕೊಟ್ಟಿದ್ದ ಮನೆಯವರೇ ವರ್ಷಗಳ ನಂತರ ತಮ್ಮ ಶ್ವಾಸಕೋಶದ ಒಂದು ಹಾಲೆಯನ್ನೂ ಕೊಟ್ಟಿರುವ ಪ್ರಸಂಗಗಳಿವೆ. ರಕ್ತವೂ ಅವರದೇ, ಹೊಸ ಹಾಲೆಯೂ ಅವರದೇ. ಬಿಳಿ ಕಣಗಳು ಅದನ್ನು ಪರರದೆಂದು ಬಗೆಯುವುದಿಲ್ಲ. ಹಾಗಾಗಿ ಬೇರೆ ಅಂಗಗಳ ಕಸಿಯಾದವರು ಜೀವನವಿಡೀ ನುಂಗಬೇಕಾದ ನಿರೋಧಶಮನದ ಮಾತ್ರೆಗಳನ್ನು ಇಂಥ ಕೆಲವರಲ್ಲಿ ಬಹಳಷ್ಟು ಇಳಿಸಲು ವೈದ್ಯರಿಗೆ ಸಾಧ್ಯವಾಗಿದೆ.